ಜೊತೆಗಿರುವವರ ಹೆಸರು

ಮಾರ್ಚ್ ೧೧

ಚಿನಕುರಳಿ,

ಫೋನ್ ಮಾಡಬೇಡ ಎಂದಿದ್ದೆಯಲ್ಲ, ಮಾಡಿಲ್ಲ. ನೀನು ಹೇಳಿದ್ದು ಸರಿಯೇ. ಫೋನಿನಲ್ಲಿ ನಾನು ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಮೆಟ್ಟಿಲು ಹುಷಾರು ಎಂದು ಪಾಠ ಒಪ್ಪಿಸಿ ಸುಮ್ಮನಾಗುತ್ತಿದ್ದೆ. ನೀನೂ ಸುಮ್ಮನೆ. ಹೀಗೆ ಬರೆದು ಕಳಿಸಿದರೆ ನಿನ್ನ ಫೋನೇ ಓದಿ ಹೇಳುತ್ತದಂತೆ, ಸಾಕೆನಿಸಿದಾಗ ನಿಲ್ಲಿಸಬಹುದಂತೆ. ಬೇಕಾದಾಗ ಬಾಯಿ ಮುಚ್ಚಿಸಬಹುದಾದ ಅಮ್ಮ ಎಷ್ಟು ಜನರಿಗುಂಟು ಹೇಳು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಅಪ್ಪ ಲಿಫ್ಟ್ ರಿಪೇರಿಗೆ ಹೋಗುತ್ತಾರೆ, ಬರುತ್ತಾರೆ, ಕೈಗೆ ಮೆತ್ತಿದ ಗ್ರೀಸು ತೊಳೆಯದೆ ನಿನ್ನ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. ಚಿಲಕದ ಮೇಲೆ ಕಪ್ಪು ಬೆರಳಿನ ಗುರುತು ಉಳಿಯುತ್ತದೆ. ನಾನು ಒರೆಸುತ್ತೇನೆ. ಡಾಕ್ಟರು ಕೈಯಲ್ಲಿದ್ದ ಪುಟ್ಟ ದೀಪ ಆರಿಸಿ, "ನರ ಹೋಗಿದೆ, ಇನ್ನು ದೃಷ್ಟಿ ವಾಪಸ್ ಬರಲ್ಲ" ಎಂದರಲ್ಲ, ಅವತ್ತಿನಿಂದ ನನಗೆ ಏನೂ ಅನ್ನಿಸುತ್ತಿಲ್ಲ. ಅಳು ಬರಲಿ ಎಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತದ್ದೂ ಆಯಿತು. ಬರಲಿಲ್ಲ. ನೀರು ದಂಡ ಎಂದು ನಲ್ಲಿ ನಿಲ್ಲಿಸಿದೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಹೇಗಿರುತ್ತದೆ, ಮುಟ್ಟಿದರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ. ನಾನು ಪೂರ್ತಿ ಹಾಗಿದ್ದೇನೆ.

ಈಗ ಕೆಲಸದ ವಿಷಯ. ನಾನಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿದ ಮೇಲೆ ನಿನ್ನ ವಯಸ್ಸಿನವರ ಪಕ್ಕ ಬೆಂಚಿನ ಮೇಲೆ ಕೂತು ವೆಬ್ ಪುಟ ಕಟ್ಟುವುದನ್ನು ಕಲಿತಾಗ ನೀನು ಸಲೂನಿನ ಗಿರಾಕಿಗಳಿಗೆಲ್ಲ ಕೂದಲು ಕತ್ತರಿಸುತ್ತಲೇ "ನಮ್ಮಮ್ಮ ಮುಪ್ಪಲ್ಲಿ ಕೋಡ್ ಬರೀತಾಳೆ" ಎಂದು ಸಾರಿದ್ದೆ. ಆ ಮುಪ್ಪಿನವಳಿಗೆ ಈಗ ಪೂರ್ತಿ ಒಂದು ಫಾರಂ ಒಪ್ಪಿಸಿದ್ದಾರೆ. ಒಬ್ಬರೇ ಇರುವವರಿಗೆ ಕೋಣೆ ಬಾಡಿಗೆಗೆ ಕೊಡುವ ವಸತಿ ಸಂಘದ್ದು. ಹಲವು ಊರುಗಳಲ್ಲಿ ಅವರ ಕಟ್ಟಡಗಳಿವೆ, ನೀನು ತರಬೇತಿಗೆ ಹೋಗಿರುವ ಊರಿನಲ್ಲೂ ಒಂದಿದೆ. ಇನ್ನು ಮೇಲೆ ಅರ್ಜಿ ವೆಬ್ಬಿನಲ್ಲಿ ಮಾತ್ರ. ದೊಡ್ಡ ಪರದೆಗೂ ಅಂಗೈಯಗಲದ ಫೋನಿಗೂ ಫಾರಂ ತಾನಾಗಿ ಹೊಂದಿಕೊಳ್ಳಬೇಕು. ಕಣ್ಣು ಕಾಣದವರು, ಕೈ ನಡುಗುವವರು, ಮೌಸ್ ಹಿಡಿಯಲಾರದವರು ಯಾರ ಹಂಗೂ ಇಲ್ಲದೆ ತುಂಬುವಂತಿರಬೇಕು ಎಂದು ಒಪ್ಪಂದದಲ್ಲೇ ಬರೆದಿದೆ. "ಅದನ್ನ ಪರೀಕ್ಷೆ ಮಾಡೋದು ಹೇಗೆ?" ಎಂದು ಮ್ಯಾನೇಜರ್ ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿ, ತಕ್ಷಣ ಬೇರೆ ಕಡೆ ತಿರುಗಿಕೊಂಡರು. ಮಗಳನ್ನು ಕೇಳುತ್ತೇನೆ ಎಂದೆ. ಕೇಳುತ್ತಿದ್ದೇನೆ. ಲಿಂಕ್ ಕೆಳಗಿದೆ. ಮಾಡದಿದ್ದರೂ ಬೇಜಾರಿಲ್ಲ. ನಿನ್ನೊಂದಿಗೆ ಮಾತಾಡಲು ಒಂದು ನೆಪ ಬೇಕಿತ್ತು, ಸಿಕ್ಕಿದೆ, ಅದನ್ನು ಮುಚ್ಚಿಡುವುದೇಕೆ.

ಅಪ್ಪ ಕೇಳಿದರು ಎಂದು ಬರೆಯಬೇಕಂತೆ. ಏನು ಕೇಳಿದರು ಎಂದರೆ "ಸುಮ್ನೆ ಬರಿ" ಎನ್ನುತ್ತಾರೆ.

ನಿನ್ನ
ಅಮ್ಮ


ಮಾರ್ಚ್ ೨೯

ಅಮ್ಮ,

ನಿನ್ನ ಕಾಗದವನ್ನು ನೆಗಡಿ ಮಾಮ ಓದಿದ. ಫೋನಿನಲ್ಲಿ ಓದಿ ಹೇಳುವ ದನಿಗೆ ಇಲ್ಲಿಯವರು ಇಟ್ಟಿರುವ ಹೆಸರು ಅದು. ವರ್ಷವಿಡೀ ಮೂಗು ಕಟ್ಟಿರುತ್ತದೆ. 'ಯಾರದೋ ಕೆನ್ನೆ ಮುಟ್ಟಿದ ಹಾಗೆ' ಎನ್ನುವುದನ್ನೂ ಅವನು ಬಸ್ಸು ತಡವಾಗಿ ಹೊರಡುತ್ತದೆ ಎನ್ನುವ ಹಾಗೆ ಓದಿದ. ನನಗೆ ಅದೇ ಹಿತವಾಯಿತು. ನೀನೇ ಓದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ತರಬೇತಿ ಕೇಂದ್ರದಲ್ಲಿ ಕೋಣೆಗೆ ಇಬ್ಬರು. ನನ್ನ ಜೊತೆಯಾಕೆ ಬ್ಯಾಂಕಿನಲ್ಲಿದ್ದವಳು. ನನ್ನ ಹಾಗೆ ಕಣ್ಣು ಪೂರ್ತಿ ಹೋಗಿಲ್ಲ, ಅಕ್ಷರ ದೊಡ್ಡದು ಮಾಡಿದರೆ ಕಾಣುತ್ತದೆ. ಗೊರಕೆಯಕ್ಕ ಎಂದು ಕರೆಯುತ್ತೇನೆ, ಮುಖಕ್ಕೇ. ಬೆಳಿಗ್ಗೆ ಕೋಲು ಹಿಡಿದು ನಡೆಯುವುದು. ಆಮೇಲೆ ಅಡುಗೆಮನೆ. ಈ ವಾರ ಚಾಕು. ಬೆರಳು ಕೊಯ್ದುಕೊಂಡೆ. ಮೊದಲು ಒದ್ದೆ ಎನ್ನಿಸಿತು, ನೋವು ಎಷ್ಟೋ ಹೊತ್ತಿನ ಮೇಲೆ ಬಂತು. ನನಗೂ ಏನೂ ಅನ್ನಿಸುವುದಿಲ್ಲ ಅಮ್ಮ. ಅದನ್ನು ಹೇಳಿದರೆ ನೀನು ಹೆದರುತ್ತೀಯ ಎಂದು ಹೇಳಿರಲಿಲ್ಲ. ನೀನೇ ಹೇಳಿಕೊಂಡ ಮೇಲೆ ನನಗೇನು.

ನಿನ್ನ ಫಾರಂ ತೆರೆದೆ. ನೆಗಡಿ ಮಾಮ ಹೇಳಿದ್ದು ಇಷ್ಟು: "ಬರೆಯುವ ಖಾನೆ, ಖಾಲಿ. ಬರೆಯುವ ಖಾನೆ, ಖಾಲಿ. ಬರೆಯುವ ಖಾನೆ, ಖಾಲಿ. ಬಟನ್." ಯಾವುದು ಹೆಸರಿಗೆ, ಯಾವುದು ವಿಳಾಸಕ್ಕೆ, ಬಟನ್ ಒತ್ತಿದರೆ ಅರ್ಜಿ ಹೋಗುತ್ತದೋ ಅಳಿಸಿಹೋಗುತ್ತದೋ ದೇವರೇ ಬಲ್ಲ. ನಮ್ಮ ಹಳೆಯ ಫ್ಲ್ಯಾಟಿನ ಕೆಳಗಿದ್ದ ಅಂಚೆ ಪೆಟ್ಟಿಗೆಗಳ ಹಾಗೆ, ಒಂದಕ್ಕೂ ಹೆಸರಿಲ್ಲ. ಗೊರಕೆಯಕ್ಕ ಅಕ್ಷರ ದೊಡ್ಡದು ಮಾಡಿದಳಂತೆ, ಅರ್ಧ ಫಾರಂ ಬಲಗಡೆ ಓಡಿಹೋಯಿತಂತೆ. ಅದನ್ನು ಹಿಡಿಯಲು ಪರದೆ ಎಳೆದೂ ಎಳೆದೂ ಸುಸ್ತಾಗಿ ಮಲಗಿದಳು. ಈಗ ಗೊರಕೆ.

ಎಲ್ಲರೂ ತುಂಬಬಹುದು ಎಂದು ಯಾರಿಗಾದರೂ ಹೇಳಿದ್ದರೆ ಸದ್ಯ ಆ ಮಾತು ವಾಪಸ್ ತೆಗೆದುಕೊ.

ಮಗಳು


ಏಪ್ರಿಲ್ ೧೭

ಚಿನಕುರಳಿ,

ಕಾಗದವನ್ನು ಮ್ಯಾನೇಜರಿಗೆ ಓದಿ ಹೇಳಿದೆ, ಬೆರಳಿನ ವಿಷಯ ಬಿಟ್ಟು. ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡರು. ನಮ್ಮ ವಿನ್ಯಾಸದಾಕೆಗೆ ಬೂದು ಬಣ್ಣವೆಂದರೆ ಪ್ರಾಣ, ನಾವೆಲ್ಲ ಬೂದು ಮೇಡಂ ಎನ್ನುವುದು. ಖಾನೆಯ ಹೊರಗೆ ಹೆಸರು ಬರೆದರೆ ಅಂದ ಕೆಡುತ್ತದೆಂದು ಒಳಗೇ ತಿಳಿಬೂದಿಯಲ್ಲಿ 'ಪೂರ್ಣ ಹೆಸರು', 'ವಿಳಾಸ' ಎಂದು ಹಾಕಿಸಿದ್ದರು. ಬರೆಯಲು ಶುರುಮಾಡಿದರೆ ಆ ಅಕ್ಷರ ಮಾಯ. ಯಂತ್ರಕ್ಕಂತೂ ಅದು ಇದ್ದೂ ಇಲ್ಲದ ಹಾಗೆ. ಈಗ ಪ್ರತಿ ಖಾನೆಯ ಮೇಲೂ ಅದರ ಹೆಸರು ಕಪ್ಪಕ್ಷರದಲ್ಲಿ ಕೂತಿದೆ, ಕೋಡಿನಲ್ಲೂ ಖಾನೆಗೂ ಹೆಸರಿಗೂ ಗಂಟು ಹಾಕಿದ್ದೇನೆ. ಬಟನ್ನಿಗೆ 'ಅರ್ಜಿ ಕಳಿಸಿ' ಎಂದು ಹೆಸರಿಟ್ಟೆ. ಬೂದು ಮೇಡಂ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ನನಗೆ ಗೊತ್ತೇ ಆಗಲಿಲ್ಲ, ಮೂರನೆಯ ದಿನ ಅವರೇ ಬಂದು ಹೇಳಿದರು.

ಗೊರಕೆಯಕ್ಕನ ತೊಂದರೆಯೂ ಹೋಯಿತು. ಖಾನೆಗಳ ಅಗಲವನ್ನು ನಾನು ಪ್ರೆಸ್ಸಿನವಳ ಹಾಗೆ ಅಳತೆ ಹಿಡಿದು ಕಟ್ಟಿಹಾಕಿದ್ದೆ, ಕಾಗದವಾದರೆ ಅಗಲ ಬದಲಾಗುವುದಿಲ್ಲವಲ್ಲ. ಈಗ ಜಾಗವಿದ್ದಷ್ಟು ಹರಡಿಕೊಳ್ಳುತ್ತವೆ, ಜಾಗ ಸಾಲದಿದ್ದರೆ ಒಂದರ ಕೆಳಗೊಂದು ಇಳಿದು ಕೂರುತ್ತವೆ.

ನಿನಗೆ ಇನ್ನಷ್ಟು ಅನುಕೂಲವಾಗಲೆಂದು ನಾನೇ ಎರಡು ಕೆಲಸ ಮಾಡಿದ್ದೇನೆ, ಯಾರೂ ಹೇಳಿರಲಿಲ್ಲ. ಒಂದು ಖಾನೆ ತುಂಬಿದ ಕೂಡಲೇ ಫಾರಂ ತಾನೇ ಮುಂದಿನದಕ್ಕೆ ಕರೆದುಕೊಂಡು ಹೋಗುತ್ತದೆ, ನೀನು ಟ್ಯಾಬ್ ಕೀ ಹುಡುಕಬೇಕಿಲ್ಲ. ಮತ್ತೆ, ಪ್ರತಿ ಖಾನೆಯ ಹಿಂದೆಯೂ ಯಂತ್ರಕ್ಕೆ ಮಾತ್ರ ಕೇಳುವ ವಿವರಣೆ ಬರೆದಿಟ್ಟಿದ್ದೇನೆ, ಏನು ಮಾಡಬೇಕು, ಏನು ಮಾಡಬಾರದು, ತಪ್ಪಾದರೆ ಹೇಗೆ ಅಳಿಸಬೇಕು. ಒಮ್ಮೆ ತುಂಬಿ ಹೇಗಿದೆ ತಿಳಿಸು.

ನನ್ನ ಕೂದಲು ಭುಜ ದಾಟಿದೆ. ಬೇರೆ ಸಲೂನಿಗೆ ಹೋಗಲು ಕಾಲು ಬರುವುದಿಲ್ಲ. ಪಿನ್ ಹಾಕಿಕೊಳ್ಳುತ್ತೇನೆ.

ಬೆರಳು ಮಾಯಿತೇ?

ಅಮ್ಮ


ಮೇ ೨

ಅಮ್ಮ,

ಬೆರಳು ಮಾಯಿತು.

ಹೆಸರುಗಳೆಲ್ಲ ಸರಿಯಾಗಿ ಕೇಳುತ್ತವೆ. ಗೊರಕೆಯಕ್ಕ ನಿನ್ನನ್ನು ಹೊಗಳಿದಳು, ನಾನು ಅಷ್ಟು ಹೊಗಳುವುದಿಲ್ಲ. ನೀನು ಮಾಡಿರುವ ಆ ಎರಡು ಅನುಕೂಲ ತೆಗೆದುಬಿಡು. ಜನ್ಮದಿನಾಂಕದ ಕೊನೆಯ ಅಂಕಿ ಒತ್ತಿದೆನೋ ಇಲ್ಲವೋ ನನ್ನನ್ನು ಎತ್ತಿ ಫೋನ್ ನಂಬರಿನ ಖಾನೆಯಲ್ಲಿ ಕೂರಿಸುತ್ತದೆ. ಬರೆದದ್ದು ಸರಿಯಿದೆಯೇ ಎಂದು ಒಮ್ಮೆ ಕೇಳಿಸಿಕೊಳ್ಳೋಣವೆಂದರೆ ನಾನಾಗಲೇ ಬೇರೆ ಕಡೆ ಇರುತ್ತೇನೆ. ಎಲ್ಲಿದ್ದೇನೆ ಎಂದೇ ಗೊತ್ತಾಗುವುದಿಲ್ಲ. ವಾಪಸ್ ಬಂದರೆ ಮತ್ತೆ ತಳ್ಳುತ್ತದೆ. ಇನ್ನು ಆ ವಿವರಣೆ. ಹೆಸರು ಬರೆಯುವ ಮೊದಲು ನೆಗಡಿ ಮಾಮ ಒಂದು ಭಾಷಣ ಮಾಡುತ್ತಾನೆ. ನನಗೆ ಕಣ್ಣು ಹೋಗಿದೆ, ಹೆಸರು ಬರೆಯುವುದು ಮರೆತಿಲ್ಲ.

ಕಣ್ಣು ಹೋದ ಹೊಸತರಲ್ಲಿ ಮನೆಯಲ್ಲೂ ಹೀಗೇ ಇತ್ತು. ನೀನು ನನ್ನ ಬ್ರಷ್ಷಿಗೆ ಪೇಸ್ಟ್ ಹಾಕಿಟ್ಟಿರುತ್ತಿದ್ದೆ. ಬ್ರೆಡ್ಡು ತುಂಡುಮಾಡಿ ಇಡುತ್ತಿದ್ದೆ. ನಾನು ಕುರ್ಚಿ ಹುಡುಕುವ ಮೊದಲೇ ಕುರ್ಚಿ ಬಂದು ಮಂಡಿಗೆ ತಾಗುತ್ತಿತ್ತು. ನಿನ್ನ ಮೇಲೆ ಸಿಟ್ಟೂ ಬರುತ್ತಿರಲಿಲ್ಲ, ಅದಕ್ಕೇ ನಾನು ಹೊರಟು ಬಂದದ್ದು.

ಇನ್ನೊಂದು. ನಿನ್ನ ಕಾಗದಗಳಲ್ಲಿ 'ನೋಡು' ಎನ್ನುವ ಮಾತೇ ಇಲ್ಲ. ಮೊದಲು ನಿನ್ನ ಬಾಯಲ್ಲಿ ಎರಡು ಮಾತಿಗೊಮ್ಮೆ ಬರುತ್ತಿತ್ತು, ತಿಂದು ನೋಡು, ಕೇಳಿ ನೋಡು, ಇಲ್ಲಿ ನೋಡು ಅಂತ. ಈಗ 'ತುಂಬಿ ಹೇಗಿದೆ ತಿಳಿಸು' ಎಂದು ಸರ್ಕಾರಿ ನೋಟೀಸಿನ ಹಾಗೆ ಬರೆಯುತ್ತೀಯ. ಹುಡುಕಿ ಹುಡುಕಿ ತೆಗೆಯುತ್ತಿದ್ದೀಯ ತಾನೇ? ವಾಪಸ್ ಹಾಕು. ಅದಿಲ್ಲದೆ ನೀನು ಬರೆದ ಹಾಗೇ ಇಲ್ಲ.

ಕೊನೆಯದು ಕೇಳು. 'ದೃಷ್ಟಿಯ ತೊಂದರೆ ಇದೆ' ಎಂದು ಗುರುತು ಹಾಕಿದರೆ ಹೊಸದೊಂದು ಖಾನೆ ಹುಟ್ಟುತ್ತದೆ. 'ಜೊತೆಗಿರುವವರ ಹೆಸರು, ಕಡ್ಡಾಯ.' ಬೇರೆ ಯಾರಿಗೂ ಅದಿಲ್ಲ, ಗುರುತು ತೆಗೆದರೆ ಖಾನೆಯೂ ಹೋಗುತ್ತದೆ. ಖಾಲಿ ಬಿಟ್ಟು ಕಳಿಸಿದೆ. ಏನೂ ಆಗಲಿಲ್ಲ, ಯಾರೂ ಏನೂ ಹೇಳಲಿಲ್ಲ. ಗೊರಕೆಯಕ್ಕ ಬಂದು, "ಪಕ್ಕದಲ್ಲಿ ಕೆಂಪಗೆ ಏನೋ ಬಂದಿದೆ ಕಣೇ" ಎಂದಳು. ಆ ಖಾನೆ ಹಾಕಿದ್ದು ಯಾರು, ನೀನಾ?

ಮಗಳು


ಜೂನ್ ೨೧

ಚಿನಕುರಳಿ,

ಉತ್ತರಕ್ಕೆ ತಡವಾಯಿತು. ಕೆಲಸವಿತ್ತು ಎಂದು ಬರೆಯಬಹುದಿತ್ತು. ಇರಲಿಲ್ಲ. ಸಂಜೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಫ್ರಿಜ್ಜಿನ ಸದ್ದು ನಿಂತಾಗ ಇಷ್ಟು ಹೊತ್ತೂ ಅದು ಸದ್ದು ಮಾಡುತ್ತಿತ್ತು ಎಂದು ಗೊತ್ತಾಗುತ್ತಿತ್ತು. ಅಷ್ಟೇ.

ತಳ್ಳುವುದನ್ನು ತೆಗೆದೆ. ಭಾಷಣ ತೆಗೆದೆ. ದಿನಾಂಕದ ಖಾನೆಗೆ ಮಾತ್ರ ದಿನ, ತಿಂಗಳು, ವರ್ಷ ಎಂದು ಮೂರು ಮಾತು ಉಳಿಸಿದ್ದೇನೆ, ಅದು ಎಲ್ಲರಿಗೂ ಬೇಕು. ತಪ್ಪಾದರೆ ಬರೀ ಕೆಂಪಗಾಗುವುದಿಲ್ಲ, ಏನು ತಪ್ಪು ಎಂದು ಅಕ್ಷರದಲ್ಲಿ ಬರುತ್ತದೆ, ಯಂತ್ರ ಓದುತ್ತದೆ, ಆ ಖಾನೆಗೇ ಕರೆದೊಯ್ಯುತ್ತದೆ. ಕೋಡಿನಿಂದ ತೆಗೆಯುವುದು ಸುಲಭ ನೋಡು. ಬೆಳಿಗ್ಗೆ ಹಲ್ಲುಜ್ಜುವಾಗ ಈಗಲೂ ನನ್ನ ಕೈ ಎರಡು ಬ್ರಷ್ಷಿಗೆ ಪೇಸ್ಟ್ ಹಚ್ಚುತ್ತದೆ.

ಆ ಖಾನೆ ನನ್ನದಲ್ಲ. ಸಂಘದ ಕಾರ್ಯದರ್ಶಿ ಕೇಳಿದ್ದು. ಬೆಂಕಿ ಬಿದ್ದರೆ, ಮೆಟ್ಟಿಲಲ್ಲಿ ಜಾರಿದರೆ, ಯಾರಾದರೂ ಜೊತೆಗಿದ್ದಾರೆ ಎಂದಿದ್ದರೆ ಒಳ್ಳೆಯದು ಎಂದರಂತೆ. ನಾನು ಹಾಕಿದೆ. ಹಾಕುವಾಗ ನನಗೆ ಒಂದಿಷ್ಟೂ ತಪ್ಪೆನಿಸಲಿಲ್ಲ. ನಿಜ ಹೇಳಬೇಕೆಂದರೆ ಪರೀಕ್ಷೆಗೆ ತುಂಬುವಾಗಲೆಲ್ಲ ಆ ಖಾನೆಯಲ್ಲಿ ನನ್ನ ಹೆಸರೇ ಬರೆಯುತ್ತಿದ್ದೆ. ಈ ತಿಂಗಳುಗಳಲ್ಲಿ ನನಗೆ ಸ್ವಲ್ಪ ಸಮಾಧಾನ ಕೊಟ್ಟ ಜಾಗ ಅದೊಂದೇ.

ಅದಿರಲಿ, ನಿನಗೇಕೆ ಅದರ ಚಿಂತೆ? ಸೆಪ್ಟೆಂಬರಿನಲ್ಲಿ ತರಬೇತಿ ಮುಗಿದರೆ ನೀನು ಮನೆಗೆ ಬರುತ್ತೀಯಲ್ಲ. ಅಪ್ಪ ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿದ್ದಾರೆ. ಲಿಫ್ಟಿನೊಳಗೆ ಇರುವಂಥದೇ. ಆನೆ ಜೋತುಬಿದ್ದರೂ ಕಿತ್ತುಬರುವುದಿಲ್ಲ.

ಅಮ್ಮ


ಜುಲೈ ೮

ಅಮ್ಮ,

ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ನಾನು ಮನೆಗೆ ಬರುತ್ತಿಲ್ಲ.

ಕೇಂದ್ರದ ಹಿಂದಿನ ಬೀದಿಯಲ್ಲಿ ನೀರು ಸರಬರಾಜಿನವರ ಕಚೇರಿ ಇದೆ. ನಲ್ಲಿ ಬರಲಿಲ್ಲ, ಪೈಪು ಒಡೆಯಿತು ಎಂದು ಜನ ಬೈಯುವ ಫೋನು ಎತ್ತಿ ಮಾತಾಡುವ ಕೆಲಸ. ನನ್ನನ್ನು ತೆಗೆದುಕೊಂಡಿದ್ದಾರೆ, ಅಕ್ಟೋಬರಿನಿಂದ. ಸಲೂನಿನಲ್ಲಿ ಬೈಸಿಕೊಂಡ ಅನುಭವ ಇದೆಯೇ ಎಂದು ಕೇಳಿದರು, ಧಾರಾಳವಾಗಿದೆ ಎಂದೆ.

ನಿನ್ನ ಸಂಘದ ಕಟ್ಟಡ ಆ ಕಚೇರಿಯಿಂದ ಎರಡು ತಿರುವು. ಹೋಗಿಬಂದೆ, ಕೋಲು ಹಿಡಿದು, ಒಬ್ಬಳೇ. ಕಾವಲಿನಾತ ಒಂದು ಖಾಲಿ ಕೋಣೆ ತೆರೆದು ತೋರಿಸಿದ. ನೆಲ ತಣ್ಣಗಿತ್ತು. ಗೋಡೆ ತಟ್ಟುತ್ತಾ ಒಂದು ಸುತ್ತು ಹಾಕಿದೆ, ಕಿಟಕಿ ಸಿಕ್ಕಿತು, ತೆರೆದೆ, ಕೆಳಗೆ ಯಾರೋ ಚಾಪೆ ಕೊಡವುತ್ತಿದ್ದರು. ಆ ಕೋಣೆ ನನಗೆ ಬೇಕು ಎನ್ನಿಸಿತು. ಏನೋ ಒಂದು ಬೇಕು ಎನ್ನಿಸಿ ವರ್ಷವಾಗಿತ್ತು, ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ಅರ್ಜಿ ಸೆಪ್ಟೆಂಬರಿನಲ್ಲಿ, ನಿನ್ನ ಫಾರಮ್ಮಿನಲ್ಲಿ. ಅಲ್ಲಿ ಆ ಖಾನೆ ಇದೆ. ನಿನ್ನ ಹೆಸರು ಬರೆದರೆ ಸುಳ್ಳು, ನೀನು ನನ್ನ ಜೊತೆಗಿರುವುದಿಲ್ಲ. ಬರೆದೆ ಎಂದೇ ಇಟ್ಟುಕೊ, ಬಲ್ಬು ಹೋದರೂ ಅವರು ನನ್ನನ್ನು ಕೇಳುವುದಿಲ್ಲ, ನಿನಗೆ ಫೋನ್ ಮಾಡುತ್ತಾರೆ. ನೀನು ಬರುತ್ತೀಯ. ಬಂದವಳು ಹೋಗುವುದಿಲ್ಲ. ಆ ಗುರುತು ಹಾಕದೆ, ಕಣ್ಣಿದೆ ಎಂದು ಸುಳ್ಳು ಹೇಳಿ ಒಳಗೆ ಹೋಗಲು ನನಗಿಷ್ಟವಿಲ್ಲ.

ನೀನು ಏನಾದರೂ ಮಾಡು ಎಂದು ಕೇಳುತ್ತಿಲ್ಲ. ವಿಷಯ ಇದು, ಅಷ್ಟೇ.

ಮಗಳು


ಜುಲೈ ೧೬

ನಿನ್ನ ಕಾಗದ ತಲುಪಿತು. ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು.

ಫಾರಮ್ಮಿನಲ್ಲಿ ಏನಿರಬೇಕೆಂಬುದು ಸಂಘಕ್ಕೆ ಬಿಟ್ಟದ್ದು. ಅವರು ಹೇಳಿದ್ದನ್ನು ಕಟ್ಟಿಕೊಡುವವಳು ನಾನು.

ಅಪ್ಪನಿಗೆ ಇನ್ನೂ ಹೇಳಿಲ್ಲ.

ಅಮ್ಮ


ಆಗಸ್ಟ್ ೩೦

ಚಿನಕುರಳಿ,

ಹೋದ ಕಾಗದವನ್ನು ಹೊಟ್ಟೆಗೆ ಹಾಕಿಕೊ. ನೀನು ಅದಕ್ಕೆ ಉತ್ತರಿಸದಿದ್ದದ್ದು ಸರಿ. ಅಪ್ಪನಿಗೆ ಹೇಳಿದೆ. ಊಟದ ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, "ಆ ಕಟ್ಟಡದಲ್ಲಿ ಲಿಫ್ಟ್ ಇದೆಯಾ, ಯಾವ ಕಂಪನಿದು ಅಂತ ಕೇಳು" ಎಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಫಾರಂ ಒಪ್ಪಿಸುವ ಮೊದಲು ಕಟ್ಟಿದವರೇ ಪರದೆ ನೋಡದೆ ಒಮ್ಮೆ ತುಂಬಬೇಕು ಎಂದು ಮ್ಯಾನೇಜರ್ ನಿಯಮ ಮಾಡಿದ್ದಾರೆ. ನಿನ್ನ ಕಾಗದಗಳಿಂದ ಕಲಿತದ್ದು. ಅಷ್ಟು ದಿನವೂ ನಾನು ಅದನ್ನು ಮಾಡಿರಲಿಲ್ಲ, ಮಗಳು ಮಾಡುತ್ತಿದ್ದಾಳಲ್ಲ ಎಂದು ತಪ್ಪಿಸಿಕೊಂಡಿದ್ದೆ. ಮಧ್ಯಾಹ್ನ ಮನೆಯಿಂದ ತಂದ ಟವೆಲನ್ನು ಪರದೆಯ ಮೇಲೆ ಹೊದಿಸಿದೆ. ಮೌಸ್ ಕಿತ್ತು ಡ್ರಾಯರಿನಲ್ಲಿಟ್ಟೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಗಡಿ ಮಾಮನನ್ನು ಕರೆದೆ. ನೀನು ಹೇಳಿದ್ದು ಕಡಿಮೆಯೇ, ಅವನಿಗೆ ನೆಗಡಿಯಲ್ಲ, ಸೈನಸ್ಸು.

ನಿನ್ನ ಹೆಸರಿನಲ್ಲಿ ತುಂಬುತ್ತಾ ಹೋದೆ. ಪೂರ್ಣ ಹೆಸರು. ಜನ್ಮದಿನಾಂಕ. ಯಾವ ಊರಿನ ಕಟ್ಟಡ. ದೃಷ್ಟಿಯ ತೊಂದರೆ ಇದೆ ಎಂಬಲ್ಲಿ ಸ್ಪೇಸ್ ಕೀ ಒತ್ತಿದೆ. "ಗುರುತು ಹಾಕಲಾಗಿದೆ" ಎಂದ. ಆಮೇಲೆ ಆ ಖಾನೆ. ಬೆರಳು ತಾನಾಗಿ ನನ್ನ ಹೆಸರು ಬರೆದುಬಿಟ್ಟಿತ್ತು. ಅಳಿಸಿದೆ. ಖಾಲಿ ಬಿಟ್ಟು 'ಅರ್ಜಿ ಕಳಿಸಿ' ಒತ್ತಿದೆ. "ಜೊತೆಗಿರುವವರ ಹೆಸರು ಕಡ್ಡಾಯ. ಇದನ್ನು ತುಂಬದೆ ಮುಂದೆ ಹೋಗಲಾಗುವುದಿಲ್ಲ" ಎಂದು ಹೇಳಿ ನನ್ನನ್ನು ಅದೇ ಖಾನೆಯಲ್ಲಿ ತಂದು ಕೂರಿಸಿದ. ಮತ್ತೆ ಒತ್ತಿದೆ. ಮತ್ತೆ ಅದೇ ಮಾತು, ಅದೇ ಖಾನೆ. ಆ ವಾಕ್ಯ ಬರೆದವಳು ನಾನು. ಚೆನ್ನಾಗಿ ಕೇಳಬೇಕೆಂದು ಎರಡು ಸಲ ತಿದ್ದಿ ಬರೆದಿದ್ದೆ. ಟವೆಲಿನ ಮುಂದೆ ಹಾಗೇ ಕೂತಿದ್ದೆ. ಬೂದು ಮೇಡಂ ಬಂದು ಭುಜ ಮುಟ್ಟಿ, "ನಿದ್ದೆ ಮಾಡ್ತಿದೀರಾ?" ಎಂದರು. ಇಲ್ಲ, ಕೋಣೆ ಹುಡುಕುತ್ತಿದ್ದೇನೆ ಎಂದೆ.

ಮರುದಿನ ಕಾರ್ಯದರ್ಶಿ ಕೊನೆಯ ಸಲ ಫಾರಂ ನೋಡಲು ಬಂದಿದ್ದರು. ಮನುಷ್ಯ ಕೆಟ್ಟವರಲ್ಲ. ಬಿಸ್ಕತ್ತು ಚಹಾದಲ್ಲಿ ಮುರಿದುಬಿದ್ದರೆ ಬೆರಳಲ್ಲೇ ಎತ್ತಿಕೊಳ್ಳುವ ಥರದವರು. ನಾನು ಸಭೆಯಲ್ಲಿ ಬಾಯಿ ಬಿಡುವವಳಲ್ಲ ಎಂದು ನಿನಗೆ ಗೊತ್ತು.

"ಈ ಹೆಸರು ತಗೊಂಡು ಏನ್ಮಾಡ್ತೀರಿ?" ಎಂದು ಕೇಳಿದೆ.

"ಏನಿಲ್ಲ, ಇರಲಿ ಅಂತ."

"ಬೆಂಕಿ ಬಿದ್ರೆ ಅವರಿಗೆ ಫೋನ್ ಮಾಡ್ತೀರಾ?"

"ಬೆಂಕಿ ಬಿದ್ರೆ ಬೆಂಕಿ ಆರಿಸೋರಿಗೆ ಮಾಡ್ತೀವಿ."

"ಒಬ್ಬರೇ ಇರೋ ಕೋಣೆ ಅಂತ ಮೇಲೆ ಬರೆದಿದೀವಿ. ಕೆಳಗೆ ಜೊತೆಗಿರೋರು ಯಾರು ಅಂತ ಕೇಳ್ತಿದೀವಿ. ಇಲ್ಲ ಅಂದ್ರೆ ಬಾಗಿಲು ಹಾಕ್ತೀವಿ. ಎಲ್ಲರೂ ತುಂಬೋ ಹಾಗಿರಬೇಕು ಅಂತ ಒಪ್ಪಂದಕ್ಕೆ ಸಹಿ ಮಾಡಿರೋರು ನೀವೇ."

ಮ್ಯಾನೇಜರ್ ಕೆಮ್ಮಿದರು. ಕಾರ್ಯದರ್ಶಿ ಬಡಪೆಟ್ಟಿಗೆ ಬಗ್ಗಲಿಲ್ಲ. "ಅಲ್ಲಮ್ಮ, ಕಣ್ಣು ಕಾಣದವರು, ಪಾಪ. ಒಂದು ಹೆಸರು ಅಂತ ಇದ್ರೆ ಮನೆಯವರಿಗೂ ಧೈರ್ಯ" ಎಂದರು.

"ಬರಲ್ಲ. ಹೆಸರು ಬರೆಸಿದ್ರೂ ಮನೆಯವರಿಗೆ ಧೈರ್ಯ ಬರಲ್ಲ" ಎಂದೆ.

"ನಿಮಗೆ ಹೇಗೆ ಗೊತ್ತು?"

"ನಾನು ಅಂಥ ಒಂದು ಮನೆಯವಳೇ."

ಕಾರ್ಯದರ್ಶಿ ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸುತ್ತಾ ಕೂತಿದ್ದು, "ಇಷ್ಟ ಇದ್ದೋರು ಬರೀಲಿ ಬಿಡಿ. ಕಡ್ಡಾಯ ಬೇಡ. ಖಾನೆ ಎಲ್ಲರಿಗೂ ಇರಲಿ" ಎಂದರು. ನನ್ನ ಜಾಗಕ್ಕೆ ಬಂದೆ. ಕೋಡಿನಲ್ಲಿ ಕಡ್ಡಾಯ ಎನ್ನುವುದು ಒಂದೇ ಪದ. ಅಳಿಸಿದೆ. ಖಾನೆಯ ಹೆಸರಿನ ಪಕ್ಕ 'ಇಷ್ಟವಿದ್ದರೆ' ಎಂದು ಸೇರಿಸಿದೆ.

ನನಗೆ ಅದನ್ನು ಅಳಿಸುವ ಮನಸ್ಸಿರಲಿಲ್ಲ. ಅದು ನಿನಗೆ ಗೊತ್ತಿರಲಿ. ನೀನು ಮನೆಗೆ ಬರಬೇಕೆಂದೇ ನನಗಿತ್ತು, ಈಗಲೂ ಇದೆ. ಗೆದ್ದೆ ಎಂದೂ ಅನ್ನಿಸಲಿಲ್ಲ, ಕಳಕೊಂಡೆ ಎಂದೂ ಅನ್ನಿಸಲಿಲ್ಲ. ಸೂಜಿ ಚುಚ್ಚಿದ ಕೆನ್ನೆ ಹಾಗೇ ಇದೆ. ಕಂಪ್ಯೂಟರ್ ಆರಿಸಿ ಬಸ್ಸು ಹತ್ತಿದೆ.

ಫಾರಂ ಬರುವ ವಾರ ತೆರೆಯುತ್ತದೆ. ನನ್ನ ಹೆಸರು ಬರೆಯಬೇಡ. ತುಂಬಿ ನೋಡು.

ಅಮ್ಮ


ಸೆಪ್ಟೆಂಬರ್ ೧೨

ಅಮ್ಮ,

ತುಂಬಿದೆ. ಕೇಂದ್ರದ ಹೊರಗಿನ ಕಟ್ಟೆಯ ಮೇಲೆ ಕೂತು, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಚಹಾ. ಗೊರಕೆಯಕ್ಕ ಪಕ್ಕದಲ್ಲೇ ಇದ್ದಳು, ಸಹಾಯ ಮಾಡಬೇಡ ಎಂದು ಮೊದಲೇ ಹೇಳಿದ್ದೆ. ಅವಳು ಆಗಲೇ ನಿದ್ದೆಹೋಗಿದ್ದಳು.

ಎಲ್ಲೂ ತಡವರಿಸಲಿಲ್ಲ. ಒಂದು ಅಂಕಿ ಬಿಟ್ಟಿದ್ದೆ, 'ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆ ಇದೆ' ಎಂದು ಹೇಳಿತು, ಸರಿಮಾಡಿದೆ. ನಿನ್ನ ಖಾನೆ ಬಂತು. 'ಜೊತೆಗಿರುವವರ ಹೆಸರು, ಇಷ್ಟವಿದ್ದರೆ, ಖಾಲಿ.' ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಯಾರೂ ತಳ್ಳಲಿಲ್ಲ. ಚಹಾ ಮುಗಿಸಿ ಮುಂದೆ ಹೋದೆ.

ಕೊನೆಯಲ್ಲಿ ನೆಗಡಿ ಮಾಮ ಹೇಳಿದ: "ನಿಮ್ಮ ಅರ್ಜಿ ತಲುಪಿದೆ. ನೀವು ಇನ್ನೇನೂ ಮಾಡಬೇಕಾಗಿಲ್ಲ." ಅದು ನೀನು ಬರೆದದ್ದು ಎಂದು ತಕ್ಷಣ ಗೊತ್ತಾಯಿತು. ಬೇರೆಯವರಾಗಿದ್ದರೆ ಧನ್ಯವಾದಗಳು ಎಂದು ಬರೆಯುತ್ತಿದ್ದರು. ಮತ್ತೆ ಮತ್ತೆ ಓದಿಸಿ ಕೇಳಿದೆ.

ಕೋಣೆ ಸಿಕ್ಕಿತೆಂದು ಇವತ್ತು ಫೋನ್ ಬಂತು, ನನಗೇ. ಒಂದನೆಯ ತಾರೀಕಿಗೆ ಹೋಗುತ್ತೇನೆ. ಲಿಫ್ಟ್ ಇಲ್ಲ ಎಂದು ಅಪ್ಪನಿಗೆ ಹೇಳು, ಪಾಪ. ಮೆಟ್ಟಿಲ ಕಂಬಿ ಅಲ್ಲಾಡುತ್ತದೆ, ಬಂದಾಗ ಬಿಗಿಮಾಡಲಿ.

ನಾನು ಕರೆದಾಗ ಬಾ. ಕರೆಯುತ್ತೇನೆ. ನಿನ್ನ ಕೂದಲು ಕತ್ತರಿಸುತ್ತೇನೆ, ಇಲ್ಲಿ ಗೊರಕೆಯಕ್ಕನ ತಲೆಯ ಮೇಲೆ ಅಭ್ಯಾಸ ಮಾಡಿದ್ದೇನೆ, ಕಿವಿ ಎರಡೂ ಇವೆ. ಸೊಟ್ಟಗಾದರೆ ಕನ್ನಡಿಯಲ್ಲಿ ನೋಡಬೇಕಾದವಳು ನೀನು, ನನಗೇನು.

ಮಗಳು


ಸೆಪ್ಟೆಂಬರ್ ೨೦

ಚಿನಕುರಳಿ,

ನಿನ್ನ ಕಾಗದವನ್ನು ಆಫೀಸಿನಲ್ಲೇ ಓದಿದೆ. ಓದಿ ಮುಗಿಸಿ ಕೆಲಸಕ್ಕೆ ಕೈ ಹಾಕಿದೆ. ಹೊಸ ಕೆಲಸ ಒಂದು ಬಂದಿದೆ, ಪ್ರಾಣಿಗಳ ಆಸ್ಪತ್ರೆಯ ಫಾರಂ. ಸ್ವಲ್ಪ ಹೊತ್ತಿನ ಮೇಲೆ ಏನೋ ನೆನಪಾಗಿ ಹಳೆಯ ಫಾರಮ್ಮಿನ ಪರೀಕ್ಷೆಯ ಪ್ರತಿ ತೆರೆದೆ. ಟವೆಲ್ ಇನ್ನೂ ಅಲ್ಲೇ ಕುರ್ಚಿಯ ಬೆನ್ನಿಗಿತ್ತು. ಪರದೆಗೆ ಹೊದಿಸಿದೆ, ಹೆಡ್‌ಫೋನ್ ಹಾಕಿಕೊಂಡೆ, ನೀನು ತುಂಬಿದ ಹಾಗೇ ತುಂಬಿದೆ. ಆ ಖಾನೆಯಲ್ಲಿ ನಿಂತೆ. ಬೆರಳು ಅಲ್ಲಾಡಲಿಲ್ಲ. ಖಾಲಿ ಬಿಟ್ಟು ದಾಟಿದೆ. 'ಅರ್ಜಿ ಕಳಿಸಿ' ಒತ್ತಿದೆ.

"ನಿಮ್ಮ ಅರ್ಜಿ ತಲುಪಿದೆ. ನೀವು ಇನ್ನೇನೂ ಮಾಡಬೇಕಾಗಿಲ್ಲ."

ಅದನ್ನು ಬರೆದಾಗ ಕೋಣೆ ಕೇಳುವವರಿಗೆಂದು ಬರೆದಿದ್ದೆ. ನನಗೆ ಹಾಗೆ ಹೇಳಿದವರು ಇಲ್ಲಿಯತನಕ ಯಾರೂ ಇರಲಿಲ್ಲ, ಡಾಕ್ಟರೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಇನ್ನೊಮ್ಮೆ ಓದಿಸಿದೆ. ಆಮೇಲೆ ಅತ್ತುಬಿಟ್ಟೆ ಕಣೇ. ಆಫೀಸಿನ ಮಧ್ಯದಲ್ಲಿ, ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಎಷ್ಟು ಜೋರಾಗಿ ಎಂದು ನನಗೇ ಕೇಳಲಿಲ್ಲ. ಬೂದು ಮೇಡಂ ಬಂದು ಪರದೆಯ ಮೇಲಿನ ಟವೆಲನ್ನು ಎಳೆದು ನನ್ನ ಕೈಗೆ ಕೊಟ್ಟು, ನಾನು ಮುಗಿಸುವ ತನಕ ಪಕ್ಕದಲ್ಲಿ ನಿಂತಿದ್ದರು.

ಅಪ್ಪ ಕಂಬಿಗೆ ಬೇಕಾದ ಬೋಲ್ಟು ತಂದಿಟ್ಟುಕೊಂಡು ನೀನು ಕರೆಯುವುದನ್ನೇ ಕಾಯುತ್ತಿದ್ದಾರೆ. ಕೂದಲಿಗೆ ನಾನು ಕತ್ತರಿ ಮುಟ್ಟಿಸುವುದಿಲ್ಲ. ಟವೆಲನ್ನು ಮನೆಗೆ ತಂದೆ, ಒಗೆದು ಹಾಕಿದ್ದೇನೆ, ಇನ್ನೂ ಒಣಗಿಲ್ಲ.

ಅಮ್ಮ